ಶಾಂತವ್ವನ ನೀರಿನ ಹಾಡು

ಶಾಂತವ್ವನಿಗೆ ಸುಮ್ಮನೆ ಕೂತು ಹಾಡು ಕಟ್ಟಲು ಬರುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಿರಬೇಕು, ಆ ಬಡಿತಕ್ಕೆ ಪದ ಕೂಡಬೇಕು. ಹೊರಗೆ ಕಟ್ಟೆಯ ಮೇಲೆ ಗಂಡ ಯೇಸಪ್ಪ ಹಾರ್ಮೋನಿಯಂ ಹಿಡಿದು ಧಾಟಿ ಹುಡುಕುತ್ತಿದ್ದ. ನಮ್ಮೂರು ಗೋಗಿಯಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ರೊಟ್ಟಿ ಹೊತ್ತಿದ ವಾಸನೆ ಬಂದರೆ ಪದ ಚೆನ್ನಾಗಿ ಬಂದಿದೆ ಎಂದೇ ಲೆಕ್ಕ.

"ಏ ಶಾಂತಿ, ದೇವರಿಗೆ ಹಾಡು, ಗಂಡಗ ಕರಕ ರೊಟ್ಟಿ! ಚೊಲೋ ನ್ಯಾಯ ಬಿಡು" ಎಂದು ನಮ್ಮವ್ವ ಕೂಗುತ್ತಿದ್ದಳು.

"ಅವರು ಹಾಡಿನ ಗುಂಗಿನಾಗ ಅದಾರ ಅಕ್ಕಾ. ಕಲ್ಲು ಹಾಕಿದ್ರೂ ತಿಂತಾರ!"

ಕಾಲುವೆಗೆ ಮೊದಲ ಸಲ ನೀರು ಬಿಟ್ಟ ವರ್ಷ ಇಬ್ಬರೂ ಕೂಡಿ ಕಟ್ಟಿದ್ದು ಆ ಹಾಡು. 'ಒಣ ನೆಲದ ಬಾಯಿಗೆ ನೀರ ತಂದ್ಯೋ ತಂದಿ, ಒಣ ಎದಿಯ ಬಾಗಿಲಕ ಬಾರೋ' ಎಂದು ಶುರುವಾಗುತ್ತಿತ್ತು. ಶಹಾಪುರ, ಸುರಪುರದ ಚರ್ಚುಗಳಿಗೂ ಅದು ಹೋಯಿತು. ಹತ್ತಿ ಬಿಡಿಸುವಾಗ ನಾವು ಲಿಂಗ ಕಟ್ಟಿದವರೂ ಹಾಡಿಕೊಳ್ಳುತ್ತಿದ್ದೆವು. ಯಾರ ದೇವರೆಂದು ಯಾರೂ ಕೇಳಲಿಲ್ಲ.

ಅದೇ ಕಾಲುವೆಯಲ್ಲಿ ಬಟ್ಟೆ ಒಗೆಯಲು ಹೋದ ಅವರ ಒಬ್ಬಳೇ ಮಗಳು ರೂತ ಕಾಲು ಜಾರಿ ನೀರುಪಾಲಾದಳು.

"ಶಾಂತವ್ವನ ಮುಂದ ಆ ಹಾಡ ಬ್ಯಾಡ್ರಿ" ಎಂದರು ಪಾಸ್ಟರ್. ಎಲ್ಲರಿಗೂ ಸರಿ ಎನಿಸಿತು. ಚರ್ಚಿನಲ್ಲಿ ಬಿಟ್ಟರು, ಹೊಲದಲ್ಲೂ ಬಿಟ್ಟರು. ಮರೆತು ಯಾರಾದರೂ ಗುನುಗಿದರೆ ಪಕ್ಕದವಳು ಮೊಣಕೈಯಿಂದ ತಿವಿಯುತ್ತಿದ್ದಳು. ಇಡೀ ಊರು ಒಬ್ಬಳಿಗಾಗಿ ಅಷ್ಟು ಮೆತ್ತಗಾದದ್ದನ್ನು ನಾನು ಮತ್ತೆ ನೋಡಿಲ್ಲ. ಶಾಂತವ್ವ ಹಾಡು ಕಟ್ಟುವುದನ್ನೇ ಬಿಟ್ಟಳು. ಐತವಾರ ಮಾತ್ರ ಎಲ್ಲರಿಗಿಂತ ಮೊದಲು ಹೋಗಿ ಚರ್ಚಿನಲ್ಲಿ ಕೂರುತ್ತಿದ್ದಳು.

ವರ್ಷಗಳು ಕಳೆದು ಆಕೆ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ಗಂಜಿ ಒಯ್ದಿದ್ದೆ. ನನ್ನ ಕೈ ಹಿಡಿದು ಕೇಳಿದಳು: "ತಂಗಿ, ನೀರಿನ ಹಾಡ ನಿನಗರ ನೆನಪೈತೇನು? ಮಂದಿ ಎಲ್ಲಾ ಮರತುಬಿಟ್ರು."

"ನಿನಗ ಸಂಕಟ ಆಗಬಾರದಂತ ಹಾಡಂಗಿಲ್ಲ ಶಾಂತವ್ವಾ."

ಆಕೆ ನನ್ನ ಮುಖವನ್ನೇ ನೋಡಿದಳು. "ಅದ್ರಾಗ ನಮ್ಮ ರೂತ ಕಟ್ಟಿದ ಒಂದು ಸಾಲು ಐತವ್ವಾ. 'ನಮ್ಮ ಎಮ್ಮಿಗೂ ನೀರಾತೋ ತಂದಿ' ಅಂತ ಆಕಿನ ಸೇರಿಸಿದ್ದು. ಅದೊಂದು ಕಿವಿಮ್ಯಾಲೆ ಬೀಳಲಿ ಅಂತ ಐತವಾರಕ್ಕೊಮ್ಮೆ ಹೋಗಿ ಕುಂದರ್ತಿದ್ದೆ."

"ಬಾಯಿಬಿಟ್ಟು ಕೇಳಬಾರದಾಗಿತ್ತೇನು?"

"ಮಗಳ್ನ ನುಂಗಿದ ನೀರಿನ ಹಾಡ ಹಾಡ್ರಿ ಅಂತ ಯಾವ ತಾಯಿ ಕೇಳ್ತಾಳ?"

"ನೀನ ಹಾಡಿಕೋಬೇಕಿತ್ತು."

"ಆ ಸಾಲಿಗೆ ಬಂದ್ರ ಹಾಡ ಮುಂದ ಸಾಗಂಗಿಲ್ಲ. ನಮ್ಮ ಮನಿಯವರಿಗೂ ಅಷ್ಟ. ಅದಕ್ಕ ಮಂದಿ ಬೇಕು ತಂಗಿ."

ನನಗೆ ಅಳು ತಡೆಯಲಾಗಲಿಲ್ಲ. ಅಲ್ಲಿಂದ ನೇರ ಪಾಸ್ಟರ್ ಮನೆಗೆ ಓಡಿದೆ. ಅವರು ತಲೆಯ ಮೇಲೆ ಕೈ ಹೊತ್ತು ಕೂತರು. ಐತವಾರ ಎಲ್ಲರೂ ಆಕೆಯ ಅಂಗಳಕ್ಕೇ ಬಂದು ಹಾಡುವುದೆಂದು ಮಾತಾಯಿತು.

ಶಾಂತವ್ವ ಶನಿವಾರ ಬೆಳಿಗ್ಗೆ ತೀರಿಕೊಂಡಳು.

ಮಣ್ಣಿಗಿಡುವಾಗ ಹಾಡಿದರು. ಕೆಂಭಾವಿಯಿಂದ ಬಂದ ನೆಂಟರು ಹಾಡಿದರು, ನಮ್ಮ ಹೊಲದ ಹೆಂಗಸರು ಹಾಡಿದರು. ಎಮ್ಮೆಯ ಸಾಲಿಗೆ ಯೇಸಪ್ಪನ ದನಿ ನಿಂತಿತು. ಮಿಕ್ಕ ಮಂದಿ ದನಿ ಏರಿಸಿ ಆ ಸಾಲನ್ನು ದಾಟಿಸಿದರು. ಒಂದು ಪದವನ್ನೂ ಯಾರೂ ಮರೆತಿರಲಿಲ್ಲ.