ಕೇಳುವ ಕುರ್ಚಿಯ ಅಕ್ಕ

ಆ ಮುಂಜಾನೆ ದಟ್ಟ ಮಂಜು. ಬೀದಿದೀಪಗಳು ಇನ್ನೂ ಉರಿಯುತ್ತಿವೆ, ಆದರೆ ಬೆಳಕು ಕಂಬದ ಬುಡಕ್ಕೂ ಇಳಿದಿಲ್ಲ. ಪ್ರಯೋಗಾಲಯದ ಹಿಂಬಾಗಿಲ ಮೆಟ್ಟಿಲ ಮೇಲೆ ಶಾಲು ಹೊದ್ದ ಹೆಂಗಸೊಬ್ಬರು ಕಣ್ಣು ಮುಚ್ಚಿಕೊಂಡು ನಿಂತಿದ್ದಾರೆ. ಇವರ ಬಗ್ಗೆ ಬರೆಯಲು ಬಂದಿರುವ ನನ್ನನ್ನು ನೋಡಿಲ್ಲ. ಆದರೂ, "ನಿಮ್ಮ ಎಡಗಾಲಿನ ಚಪ್ಪಲಿ ಉಂಗುಷ್ಟ ಕಿತ್ತುಹೋಗೋ ಹಾಗಿದೆ, ನೋಡ್ಕೊಳ್ಳಿ" ಅನ್ನುತ್ತಾರೆ. ಬಗ್ಗಿ ನೋಡಿದರೆ ಹೌದು.

"ಮಂಜು ಬಿದ್ದ ದಿನ ಊರೆಲ್ಲ ಪಿಸುಮಾತಾಡುತ್ತೆ. ಕಿವಿ ತೊಳ್ಕೊಳ್ಳೋಕೆ ಇದಕ್ಕಿಂತ ಒಳ್ಳೆ ನೀರಿಲ್ಲ," ಎಂದು ನಗುತ್ತಾರೆ. ಆಮೇಲೆ ಒಂದು ಗಳಿಗೆ ಕೈಮುಗಿದು ಒಳಗೆ ನಡೆಯುತ್ತಾರೆ. ಏನು ಬೇಡಿಕೊಂಡಿರಿ ಎಂದು ಕೇಳಿದೆ. "ಇವತ್ತು ಬಾಯಿ ತಡವರಿಸದೆ ಇರಲಿ ಅಂತ," ಎಂದರು. ಅದರ ಅರ್ಥ ನನಗೆ ತಿಳಿದದ್ದು ಆಮೇಲೆ.

ಇಲ್ಲಿನ ಎಲ್ಲರಿಗೂ ಇವರು 'ಕಿವಿಯಕ್ಕ'. ಇವರ ಕೆಲಸ ಕೇಳುವುದು. ಬಾನುಲಿ ಕೇಂದ್ರದಿಂದ ಹೊರಡುವ ದನಿ ಇದ್ದ ಹಾಗೇ ನಮ್ಮ ಮನೆ ತಲುಪುವುದಿಲ್ಲ. ಪ್ರಯಾಣಕ್ಕೆ ಬಟ್ಟೆ ಮಡಚಿ ಗಂಟು ಕಟ್ಟುವಂತೆ ದನಿಯನ್ನೂ ಮಡಚಿ ಕಳಿಸುತ್ತಾರೆ. ಮನೆಯ ರೇಡಿಯೊ ಅದನ್ನು ಬಿಚ್ಚಿ ಹರವುತ್ತದೆ. ಮಡಚುವ ಬಗೆಗಳು ಹಲವು. ಮಡಚುವವರಿಗೂ ಬಿಚ್ಚುವವರಿಗೂ ಹೊಂದಿಕೆಯಾಗಬೇಕಲ್ಲ, ಅದಕ್ಕೇ ಸಮಿತಿಯೊಂದು ಕೂತು ಇದೇ ಎಲ್ಲರ ಮಾನದಂಡ ಎಂದು ಒಂದು ಬಗೆಯನ್ನು ಗೊತ್ತುಮಾಡುತ್ತದೆ. ಗೊತ್ತಾದ ಮೇಲೆ ರೇಡಿಯೊ ತಯಾರಿಸುವ ಪ್ರತಿಯೊಬ್ಬನೂ ಆ ಬಗೆಯ ಪೇಟೆಂಟ್ ಪಡೆದವರಿಂದ ಹಣ ಕೊಟ್ಟು ಲೈಸೆನ್ಸ್ ತೆಗೆದುಕೊಳ್ಳಬೇಕು. ಆಯ್ಕೆಯಾದವರ ಒಲೆ ವರ್ಷಗಟ್ಟಲೆ ಉರಿಯುತ್ತದೆ. ಆಗದವರ ವಿದ್ಯೆ ಅಟ್ಟ ಸೇರುತ್ತದೆ.

ಸಮಿತಿಯ ಮುಂದೆ ಹೋಗುವ ಮೊದಲು ಪ್ರತಿಯೊಂದು ಬಗೆಯೂ ಕಿವಿಯಕ್ಕನಂಥವರ ಮುಂದೆ ಬರಬೇಕು. ಕೋಣೆಯ ಗೋಡೆಗೆಲ್ಲ ದಪ್ಪ ಬಟ್ಟೆ, ನಡುವೆ ಒಂದೇ ಕುರ್ಚಿ. ಕೂತರೆ ನಮ್ಮ ಎದೆಬಡಿತ ನಮಗೇ ಕೇಳುತ್ತದೆ. ಮೊದಲು ಅಸಲು ದನಿಯನ್ನು ಒಮ್ಮೆ ಕೇಳಿಸುತ್ತಾರೆ. ಸ್ವಲ್ಪ ಮೌನ. ಆಮೇಲೆ ಮಡಚಿ ಬಿಚ್ಚಿದ ದನಿಗಳು ಹೆಸರಿಲ್ಲದೆ ಒಂದೊಂದಾಗಿ ಬರುತ್ತವೆ. ಅಸಲಿಗೆ ಎಷ್ಟು ಹತ್ತಿರವೋ ಅಷ್ಟು ಅಂಕ. ಒಂದು ಕುಯುಕ್ತಿಯೂ ಇದೆ: ಅವುಗಳ ನಡುವೆ ಅಸಲನ್ನೂ ಬಚ್ಚಿಟ್ಟಿರುತ್ತಾರೆ. ಬಚ್ಚಿಟ್ಟ ಅಸಲನ್ನೇ ಕೆಟ್ಟದ್ದು ಎಂದವರ ಅಂಕವನ್ನೆಲ್ಲ ತೆಗೆದುಹಾಕಬೇಕು; ಅವರು ಒಂದು ವರ್ಷ ಆ ಕುರ್ಚಿಯನ್ನು ಮುಟ್ಟುವಂತಿಲ್ಲ.

ಕಿವಿಯಕ್ಕ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆಗಳನ್ನು ಜೋಡಿಸಲು ತಂತಿ ಚುಚ್ಚುವ ಕೆಲಸದಲ್ಲಿದ್ದವರು. "ಹಲೋ ಅನ್ನೋಕ್ಕೆ ಮುಂಚೆ ಉಸಿರಲ್ಲೇ ಗೊತ್ತಾಗೋದು, ಇವರು ಸಾವಿನ ಸುದ್ದಿ ಹೇಳೋಕೆ ಮಾಡಿದಾರೆ, ಇವರು ಹೆಣ್ಣು ನೋಡೋಕೆ ಬರ್ತೀವಿ ಅನ್ನೋಕೆ ಮಾಡಿದಾರೆ ಅಂತ." ಆ ಕೆಲಸವನ್ನು ಯಂತ್ರ ನುಂಗಿತು. ಆಗ ಇಲ್ಲಿ ಕೇಳುವವರು ಬೇಕು ಎಂದು ಯಾರೋ ಹೇಳಿದರು. "ಸುಮ್ನೆ ಕೂತು ಕೇಳೋಕೂ ಸಂಬಳ ಕೊಡ್ತಾರಾ ಅಂತ ನಮ್ಮತ್ತೆ ನಂಬಲೇ ಇಲ್ಲ. ಮೂರು ತಿಂಗಳು ಅನುಮಾನದಿಂದಲೇ ನೋಡ್ತಿದ್ರು."

ಸುಮ್ಮನೆ ಕೂರುವುದು ಸುಲಭವಲ್ಲ. ಪರೀಕ್ಷೆಗಳು ನಡೆಯುವ ವಾರ ಇವರು ಸಂತೆಗೆ ಹೋಗುವುದಿಲ್ಲ, ಮಿಕ್ಸಿ ತಿರುಗಿಸುವುದಿಲ್ಲ, ಮದುವೆಯ ವಾದ್ಯ ಶುರುವಾದರೆ ಹಿತ್ತಲಿಗೆ ಹೋಗಿ ನಿಲ್ಲುತ್ತಾರೆ. ನೆಗಡಿಯಾದರೆ ಸಂಬಳವಿಲ್ಲದ ರಜೆ. ಯಜಮಾನರು ಬಸ್ಸು ಓಡಿಸಿ ನಿವೃತ್ತರಾದವರು. ಇಂಜಿನ್ ಪಕ್ಕ ಕೂತು ಕೂತು ಒಂದು ಕಿವಿ ಮಂದವಾಗಿದೆ. ಹಿಂದಿನ ದಿನ ಮನೆಗೆ ಹೋಗಿದ್ದಾಗ ಅವರು ನನ್ನ ಬಳಿ ದೂರಿದ್ದರು: "ಇವಳ ಮುಂದೆ ಗೊಣಗೋ ಹಾಗೇ ಇಲ್ಲ ಸ್ವಾಮಿ. ಮೂರನೇ ಕೋಣೆಯಲ್ಲಿ ಮನಸ್ಸಲ್ಲೇ ಬೈದ್ರೂ ಅಡುಗೆಮನೆಯಿಂದ ಉತ್ತರ ಬರುತ್ತೆ." ಒಳಗಿನಿಂದ ಉತ್ತರ ಬಂದೇ ಬಂತು: "ನೀವು ಮನಸ್ಸಲ್ಲಿ ಬೈದ್ರೂ ಬಸ್ಸಿನ ಹಾರನ್ ಥರಾನೇ ರೀ!"

ನಗುತ್ತ ನಗುತ್ತಲೇ ಅಕ್ಕ ತಮ್ಮ ಅಪ್ಪನ ರೇಡಿಯೊ ನೆನೆಸಿಕೊಂಡಿದ್ದರು. ಮರದ ಮೈ, ಮುಂದೆ ಹಳದಿ ಬಟ್ಟೆ. ಹಾಕಿದ ಕೂಡಲೇ ಮಾತಾಡುತ್ತಿರಲಿಲ್ಲ. ಒಳಗಿನ ದೀಪಗಳು ಕಾದು ಕೆಂಪಾಗಬೇಕು. ಅಷ್ಟರಲ್ಲಿ ನೆರೆಯವರು ಬಂದು ಜಗಲಿಯಲ್ಲಿ ಕೂತಿರುತ್ತಿದ್ದರು. ಅಪ್ಪ ರೇಡಿಯೊದ ನೆತ್ತಿಯ ಮೇಲೆ ಅಂಗೈ ಇಟ್ಟು, ಜ್ವರ ಬಂದ ಮಗುವನ್ನು ನೋಡುವ ಹಾಗೆ, "ಬಂತು, ಬಂತು" ಅನ್ನುತ್ತಿದ್ದರಂತೆ. ಆಮೇಲೆ ಬರುತ್ತಿದ್ದ ದನಿಗೆ ಚೂಪೇ ಇರಲಿಲ್ಲ. ಕಂಬಳಿಯೊಳಗಿನಿಂದ ಮಾತಾಡಿದ ಹಾಗೆ, ಬೆಚ್ಚಗೆ.

ಈಗ ಇಂದಿನ ಮಾತು. ಕಿವಿಯಕ್ಕ ನೆಟ್ಟಗೆ ಮುಖ್ಯಸ್ಥರ ಕೋಣೆಗೆ ಹೋಗುತ್ತಾರೆ. ಅವರು ಇವರಿಗಿಂತ ವಯಸ್ಸಿನಲ್ಲಿ ಚಿಕ್ಕವರು, ಕುರ್ಚಿ ಎಳೆದುಕೊಡುತ್ತಾರೆ. ಅಕ್ಕ ಕೂರುವುದಿಲ್ಲ.

"ಸಾರ್, ಹೋದ ವಾರದ ನನ್ನ ಅಂಕ ತೆಗೆದುಹಾಕಿ."

ಮುಖ್ಯಸ್ಥರಿಗೆ ವಿಷಯ ಗೊತ್ತು. ಹೋದ ವಾರ ಒಂದು ಲಾಲಿಹಾಡಿನ ಮಾದರಿಯಲ್ಲಿ ಅಕ್ಕ ಬಚ್ಚಿಟ್ಟ ಅಸಲಿಗೇ ಕಡಿಮೆ ಅಂಕ ಕೊಟ್ಟಿದ್ದರು. "ಅಕ್ಕಾ, ಮಾದರಿಯೇ ಕೆಟ್ಟಿರಬೇಕು ಅಂತ ಅದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಉಳಿಸ್ಕೊಂಡಿದೀನಿ. ನಿಮ್ಮ ಕಿವಿ ತಪ್ಪುತ್ತಾ?"

"ಮಾದರಿ ಚೆನ್ನಾಗಿತ್ತು ಸಾರ್. ತಪ್ಪಿದ್ದು ನಾನು. ಅಂಕಪಟ್ಟಿಯಲ್ಲಿ ಯಾವುದು ಯಾರದ್ದು ಅಂತ ಓದಿದಾಗ್ಲೇ ಗೊತ್ತಾಯ್ತು."

ಮುಖ್ಯಸ್ಥರು ಒಪ್ಪುವುದಿಲ್ಲ. ಅಕ್ಕನನ್ನು ಬಟ್ಟೆಗೋಡೆಯ ಕೋಣೆಗೆ ಕರೆದೊಯ್ದು ಅದೇ ಲಾಲಿಯನ್ನು ಮತ್ತೆ ಕೇಳಿಸುತ್ತಾರೆ. ಅಕ್ಕ ಕುರ್ಚಿಯಲ್ಲಿ ಕೂರದೆ ಪಕ್ಕದಲ್ಲಿ ನಿಂತೇ ಕೇಳುತ್ತಾರೆ. ನಾಲ್ಕನೆಯದು ಬಂದ ಕೂಡಲೇ ಬೆರಳೆತ್ತುತ್ತಾರೆ. ಅಸಲು ಅದೇ.

"ನೋಡಿ ಮತ್ತೆ! ಕಿವಿ ಸರಿಯಾಗೇ ಇದೆಯಲ್ಲ!"

"ಕಿವಿ ಸರಿ ಸಾರ್. ಅವತ್ತು ಕೂತಿದ್ದು ಕಿವಿ ಅಲ್ಲ." ಅಕ್ಕನ ದನಿ ಇನ್ನೂ ತಗ್ಗುತ್ತದೆ. "ಹಾಡ್ತಿದ್ದ ಹೆಂಗಸಿನ ದನಿ ನಮ್ಮಮ್ಮನ ಥರಾನೇ ಇತ್ತು. ನೀವು ಕೇಳಿಸಿದ ಅಸಲು ನನ್ನಲ್ಲಿ ನಿಲ್ಲಲೇ ಇಲ್ಲ. ಆ ಜಾಗದಲ್ಲಿ ನಮ್ಮಪ್ಪನ ರೇಡಿಯೊ ಬಂದು ಕೂತ್ಬಿಡ್ತು. ದೊಡ್ಡ ಕಂಪನಿಯವರದ್ದು ಚೂಪನ್ನೆಲ್ಲ ಕತ್ತರಿಸಿ ಮೆತ್ತಗೆ ಮಾಡಿತ್ತು ನೋಡಿ, ಆಹಾ ಇದೇ ಅಂತ ಪೂರ್ತಿ ಅಂಕ ಕೊಟ್ಟೆ. ಆ ಅಣ್ಣತಂಗಿ ಮಾಡಿದ್ದು ಅಸಲಿನ ಹಾಗೇ ನಿಚ್ಚಳವಾಗಿತ್ತು. ಅದಕ್ಕೇ ಹಿಡಿಸಲಿಲ್ಲ. ಅದೊಂದೇ ಹಾಡಲ್ಲಿ ಅಲ್ಲ, ಅಲ್ಲಿಂದ ಮುಂದಿನ ಎಲ್ಲದರಲ್ಲೂ ನಾನು ಮನೆ ಜಗಲಿಯಲ್ಲೇ ಕೂತಿದ್ದೆ. ನೆನಪಿಗೆ ಅಂಕ ಕೊಟ್ಟೆ ಸಾರ್, ದನಿಗಲ್ಲ."

ಆ ಅಣ್ಣತಂಗಿ ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ ವರ್ಷಗಟ್ಟಲೆ ಕೂತು ಹೊಸ ಬಗೆಯೊಂದನ್ನು ಕಂಡುಹಿಡಿದವರು. ಸಮಿತಿಯ ಮುಂದೆ ಹೋಗಲು ಬೇಕಾದ ಅಂಕಕ್ಕೆ ಕೂದಲೆಳೆಯಷ್ಟು ಕಡಿಮೆಯಾಗಿ ಹೊರಬಿದ್ದಿದ್ದಾರೆ. ಸಮಿತಿ ಕೂರುವುದು ಇಂದು ಮಧ್ಯಾಹ್ನ. ಅಣ್ಣ ತನ್ನ ಯಂತ್ರವನ್ನು ವಾಪಸ್ಸು ಒಯ್ಯಲು ಬೆಳಿಗ್ಗೆಯೇ ಬಂದು, ಹೊರಗಿನ ಬೆಂಚಿನ ಮೇಲೆ ಕೂತಿದ್ದಾನೆ.

"ಅಂಕ ತೆಗೆದ್ರೆ ನಿಯಮ ನಿಯಮವೇ ಅಕ್ಕ. ಒಂದು ವರ್ಷ ಕುರ್ಚಿ ಇಲ್ಲ. ಆಮೇಲೂ ನಿಮ್ಮ ವಯಸ್ಸಿಗೆ ಮತ್ತೆ ತಗೋತಾರೋ ಇಲ್ಲವೋ."

"ಆ ನಿಯಮ ಮಾಡೋವಾಗ ನಾನೂ ಹೂಂ ಅಂದಿದ್ದೆನಲ್ಲ. ಬೇರೆಯವರಿಗೆ ಅಂತ ಹೂಂ ಅಂದಿದ್ನಾ?"

ಮುಖ್ಯಸ್ಥರು ಅಕ್ಕನ ಅಂಕಗಳನ್ನು ತೆಗೆದು ಮತ್ತೆ ಲೆಕ್ಕ ಹಾಕುತ್ತಾರೆ. ಉಳಿದ ಕೇಳುಗರ ಅಂಕಗಳೇ ಸಾಕು. ಅಣ್ಣತಂಗಿಯ ಬಗೆ ಗೆರೆ ದಾಟುತ್ತದೆ. ಗೆದ್ದೇ ಬಿಡುತ್ತದೆ ಎಂದಲ್ಲ. ಮಧ್ಯಾಹ್ನ ಸಮಿತಿಯ ಮೇಜಿನ ಮೇಲೆ ದೊಡ್ಡವರ ಸಾಲಿನಲ್ಲಿ ಅದಕ್ಕೂ ಒಂದು ಜಾಗ ಸಿಗುತ್ತದೆ, ಅಷ್ಟೆ.

ಇನ್ನು ನಿಮಗೇನು ಆಸೆ ಎಂದು ನಾನು ಕೇಳುತ್ತೇನೆ. ಅಕ್ಕ ಶಾಲು ಸರಿಮಾಡಿಕೊಳ್ಳುತ್ತಾರೆ. "ವರ್ಷ ಕಳೆದ ಮೇಲೆ ಹೊಸಬಳ ಹಾಗೆ ಬಂದು ಪರೀಕ್ಷೆ ಕೊಡ್ತೀನಿ. ದೇವರು ಕಿವಿ ಉಳಿಸಿದ್ರೆ ಪಾಸು. ಇಲ್ಲಾಂದ್ರೆ ನಮ್ಮನೆಯವರ ಗೊಣಗಾಟ ಕೇಳಿಸದ ಹಾಗಾಗುತ್ತಲ್ಲ, ಅದೂ ಪುಣ್ಯವೇ."

ಮುಖ್ಯಸ್ಥರ ಮೇಜಿನ ಮೇಲೆ ಒಂದು ಚೀಟಿ ಇದೆ. ಯಂತ್ರ ಹಿಂಪಡೆಯುತ್ತಿದ್ದೇನೆ, ಫಲಿತಾಂಶಕ್ಕೆ ತಕರಾರಿಲ್ಲ ಎಂದು ಬೆಂಚಿನ ಮೇಲಿರುವ ಅಣ್ಣ ಬೆಳಿಗ್ಗೆ ಸಹಿ ಮಾಡಿಕೊಟ್ಟದ್ದು. ಅಕ್ಕ ಅದನ್ನು ನೋಡುತ್ತಾರೆ, ಮುಖ್ಯಸ್ಥರು ತಗೊಳ್ಳಿ ಎಂಬಂತೆ ತಲೆಯಾಡಿಸುತ್ತಾರೆ. ಅಕ್ಕ ಚೀಟಿ ಹಿಡಿದು ಹೊರಗೆ ಬರುತ್ತಾರೆ. ಅವನು ತಡಬಡಿಸಿ ಎದ್ದು ನಿಲ್ಲುತ್ತಾನೆ.

"ನನ್ನಿಂದ ತಪ್ಪಾಗಿತ್ತು ಕಣಪ್ಪ. ನಿಮ್ಮದು ಚೆನ್ನಾಗಿದೆ, ಈ ಚೀಟಿ ಇನ್ನು ಬೇಕಾಗಿಲ್ಲ. ಒಳಗೆ ಹೋಗು, ಸಾರ್ ಹೇಳ್ತಾರೆ," ಎಂದು ಅಕ್ಕ ಆ ಚೀಟಿಯನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮೆಲ್ಲಗೆ ಮಡಚುತ್ತಾರೆ.