ಕೈಗಳು ಹುಡುಕಿದ ಬಾಗಿಲು

ಸಾಲಿನಲ್ಲಿ ನಿಂತವರ ಬೇಸರವನ್ನು ಅವರಿಗಿಂತ ಮೊದಲೇ ಅರಿತವಳು, ಮಗುವಿನ ಕಣ್ಣಿಗೆ ಲೋಕ ಹೇಗೆ ಕಾಣುವುದೆಂದು ತಿಳಿಯಲು ಮೊಣಕಾಲೂರಿ ನಡೆದವಳು, ಕತ್ತಲೆಯನ್ನು ಅಳೆದು, ಬೆಳಕನ್ನು ಹನಿಸಿ, ನೂರು ಜನರ ಎದೆಬಡಿತವನ್ನು ಒಟ್ಟಿಗೆ ಏರಿಸಬಲ್ಲವಳು, ಏರಿಸಿದ್ದನ್ನು ಅಪಾಯವಿಲ್ಲದೆ ಇಳಿಸಬಲ್ಲವಳು, ಹೊಗಳಿಕೆಗೆ ಹಿಗ್ಗದವಳು, ತನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟದವಳು, ತಾಯಿಯ ಮಾತಿಗೆ ಎದುರಾಡಿದರೂ ತಾಯಿಯ ತಟ್ಟೆಗೆ ಬಡಿಸದೆ ತಾನು ಉಣ್ಣದವಳು, ಪರರ ಶೋಕವನ್ನು ಆಟಿಕೆಯಾಗಿಸಲು ಒಲ್ಲದವಳು. ಇಷ್ಟೆಲ್ಲ ಗುಣಗಳನ್ನು ಕೊಟ್ಟ ಭಗವಂತನು ಒಂದನ್ನು ಮಾತ್ರ ಕೊಡಲು ಮರೆತಿದ್ದನು: ಒಂದೆಡೆ ಸುಮ್ಮನೆ ಕೂರುವ ಗುಣ. ಇಂಥವಳು ನಮ್ಮ ಫ್ಲಾರಿಡಾದ ಕಿಸ್ಸಿಮ್ಮಿಯ ನೆರೈದಾ ಕಿನ್ಯೋನೆಸ್.

ಆಕೆಯ ತಾಯಿ ಪ್ರೊವಿದೆನ್ಸಿಯಾ ಪೋರ್ಟೊರಿಕೊ ದ್ವೀಪದಿಂದ ಬಂದು, ಹೋಟೆಲಿನ ಹಾಸಿಗೆಗಳಿಗೆ ಹೊದಿಕೆ ಬದಲಿಸುತ್ತ ಮಗಳಿಗೆ ಮನಶ್ಶಾಸ್ತ್ರವನ್ನು ಓದಿಸಿದಳು. ಮಗಳು ಆಸ್ಪತ್ರೆಯ ಕೆಲಸಕ್ಕೆ ಸೇರದೆ ವಿನೋದವನಗಳನ್ನು ಕಟ್ಟುವವರ ಗುಂಪಿಗೆ ಸೇರಿದಾಗ ಆ ತಾಯಿಗೆ ಆದ ಸಂಕಟ ಇಂದಿಗೂ ತೀರಿಲ್ಲ.

"ಹುಚ್ಚು ಬಿಡಿಸ್ತಾಳೆ ಅಂತ ಓದಿಸಿದ್ದು ನಾನು. ಇವಳು ನೋಡಿದ್ರೆ ದುಡ್ಡು ಕೊಟ್ಟು ಬಂದವರಿಗೆ ಹುಚ್ಚು ಹಿಡಿಸೋ ಕೆಲಸ ಹಿಡಿದಳು" ಎಂದು ನೆರೆಯವರ ಮುಂದೆ ಹೇಳುವಳು.

"ಹಿಡಿಸಿದ ಮೇಲೆ ಬಿಡಿಸಿಯೇ ಕಳಿಸ್ತೀನಲ್ಲಮ್ಮಾ."

"ಮೊದಲು ನಿನ್ನ ಕಾಲಿಗೆ ಹಿಡಿದಿರೋದನ್ನ ಬಿಡಿಸ್ಕೋ. ಊರಿಗೆಲ್ಲ ಸಾಲಲ್ಲಿ ನಿಲ್ಲೋದು ಕಲಿಸ್ತೀಯ, ದಿನಸಿ ಅಂಗಡಿ ಸಾಲಲ್ಲಿ ನಿಲ್ಲಕ್ಕೆ ನಿನಗೇ ಆಗಲ್ಲ!"

ಆ ಮಾತು ನಿಜ. ಅಂಗಡಿಯ ಸಾಲಿನಲ್ಲಿಯೂ ಆಕೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಯಾರು ಯಾವ ಕಾಲಿಗೆ ಭಾರ ಹಾಕಿದ್ದಾರೆ, ಯಾರ ಕಣ್ಣು ಮಿಠಾಯಿಯ ಕಡೆಗೆ ಜಾರಿತು ಎಂದು ನೋಡುತ್ತ, ತನ್ನ ಸರದಿಯನ್ನೇ ಕಳೆದುಕೊಳ್ಳುವಳು.

ಆರ್ಲ್ಯಾಂಡೊದ ವಿನೋದವನಗಳಲ್ಲಿ ಆಕೆಯ ಕೈಯಲ್ಲಿ ರೂಪುಗೊಂಡ ಗುಹೆಗಳು, ಹಡಗುಗಳು, ದೆವ್ವದ ಮನೆಗಳು ಹಲವು. ಸಾಲು ಉದ್ದವಿದ್ದರೂ ಉದ್ದವೆನಿಸದಂತೆ ಅದನ್ನು ಎಲ್ಲಿ ಬಾಗಿಸಬೇಕು, ತಗ್ಗಾದ ಮಾಡಿನ ಕೆಳಗೆ ಎಷ್ಟು ದೂರ ನಡೆಸಿ ಆಮೇಲೆ ಆಕಾಶವನ್ನು ತೆರೆಯಬೇಕು, ಭಯದ ನಂತರ ನಗುವನ್ನು ಎಲ್ಲಿ ಇಡಬೇಕು ಎಂಬುದು ಆಕೆಗೆ ಕರಗತವಾಗಿತ್ತು. ಈ ಕಸುಬಿನವರಲ್ಲಿ ಒಂದು ಕಟ್ಟಳೆಯುಂಟು. ದಿನವೂ ಬೆಳಿಗ್ಗೆ, ಬಾಗಿಲು ತೆರೆಯುವ ಮುನ್ನ, ಬಣ್ಣದವರು ಬಂದು ನಿನ್ನೆಯ ಜನ ಬಿಟ್ಟುಹೋದ ಗೀರು, ಕಲೆ, ಬೆರಳಚ್ಚುಗಳನ್ನೆಲ್ಲ ಅಳಿಸಿಬಿಡುವರು. ಇಂದು ಬರುವವನಿಗೆ ತಾನೇ ಮೊದಲಿಗನೆಂದು ಅನಿಸಬೇಕು; ಅವನಿಗಿಂತ ಮೊದಲು ಲಕ್ಷ ಜನ ಇಲ್ಲಿ ಚೀರಿದ್ದಾರೆಂದು ಗೋಡೆ ಹೇಳಬಾರದು. ನೆರೈದಾ ಈ ಕಟ್ಟಳೆಯನ್ನು ನಿತ್ಯಪೂಜೆಯಷ್ಟು ಶ್ರದ್ಧೆಯಿಂದ ನಡೆಸಿಕೊಂಡು ಬಂದವಳು. ಆಕೆ ಎಡವಿದ್ದು ಆ ಶ್ರದ್ಧೆಯಲ್ಲಿಯೇ.

ಅದೇ ಫ್ಲಾರಿಡಾದ ಕೊಲ್ಲಿಯ ದಡದಲ್ಲಿ ಪೋರ್ಟ್ ಆನ್ಸೆಲ್ಮ್ ಎಂಬ ಮೀನುಗಾರರ ಪಟ್ಟಣವಿದೆ. ಹಿಂದೊಮ್ಮೆ ಚಂಡಮಾರುತವೊಂದು ಸಮುದ್ರವನ್ನೇ ಎತ್ತಿ ತಂದು ಆ ಊರಿನ ಮೇಲೆ ಸುರಿದಿತ್ತು. ಅದರ ನೆನಪಿಗೆ ಊರವರು ಸಂಗ್ರಹಾಲಯವನ್ನು ಕಟ್ಟಿ, ಬಂದವರಿಗೆ ಆ ರಾತ್ರಿಯ ಅನುಭವವಾಗಬೇಕೆಂದು ನೆರೈದಾಳನ್ನು ಕರೆಸಿದರು. ಆಕೆ ಒಂದು ಬಿರುಗಾಳಿಯ ಕೋಣೆಯನ್ನು ಮಾಡಿದಳು. ಅದರ ನೆಲ ನಡುಗುವುದು, ಗೋಡೆಗಳು ಹತ್ತಿರವಾದಂತೆ ತೋರುವುವು, ಕಿವಿಗೆ ಕೇಳದೆ ಹೊಟ್ಟೆಗೆ ಮಾತ್ರ ತಿಳಿಯುವಂಥ ಗುಡುಗು ಕೆಳಗಿನಿಂದ ಏಳುವುದು. ಅಲ್ಲಿಂದ ಹೊರಬಿದ್ದರೆ ನೆನಪಿನ ಕೋಣೆ. ಅದರ ನಡುವೆ ಗಾಜಿನ ಪೆಟ್ಟಿಗೆಯೊಳಗೆ, ಮೇಲಿನಿಂದ ಬೀಳುವ ದೀಪದಲ್ಲಿ, ಒಂದು ಹಳೆಯ ಅಡುಗೆಮನೆಯ ಬಾಗಿಲು. ಅದರಾಚೆಗೆ ಸಮುದ್ರದ ಕಡೆಗೆ ತೆರೆದ ದೊಡ್ಡ ಕಿಟಕಿ ಮತ್ತು ಹೊರದಾರಿ.

ಆ ಬಾಗಿಲು, ಊರವರೆಲ್ಲ ಗೌರವದಿಂದ ಮಿಸ್ ಝೆಲ್ಫಾ ಎಂದೇ ಕರೆಯುವ ವೃದ್ಧೆ ಝೆಲ್ಫಾ ಟಾರ್ಪ್ಲಿಯವರದು. ಅವರು ಪುಟ್ಟ ಹುಡುಗಿಯಾಗಿದ್ದಾಗ, ನೀರು ಒಳನುಗ್ಗಿದಾಗ, ತಂದೆ ಅದನ್ನು ಚೌಕಟ್ಟಿನಿಂದ ಕಿತ್ತು ಮಕ್ಕಳಿಬ್ಬರನ್ನು ಅದರ ಮೇಲೆ ಹತ್ತಿಸಿದ್ದರು. ಹುಡುಗಿಯನ್ನು ಒಂದು ಕೈಯಲ್ಲಿ ಅಪ್ಪಿಕೊಂಡು, ಹಿಡಿ ಕಳಚಿ ಬಿದ್ದ ತೂತಿನೊಳಗೆ ಇನ್ನೊಂದು ಕೈಯ ಬೆರಳುಗಳನ್ನು ಸಿಕ್ಕಿಸಿ, ಅಣ್ಣ ಲೊಂಜೊ ಅಂದಿನ ರಾತ್ರಿಯೆಲ್ಲ ಕತ್ತಲೆಯಲ್ಲಿ ತೇಲಿದ್ದನು. ಬೆಳಗಾದಾಗ ಹುಡುಗಿ ಇದ್ದಳು, ಬಾಗಿಲು ಇತ್ತು.

"ಅವನಿಗೆ ಗೋರಿ ಇಲ್ಲ ಮಗಳೇ" ಎಂದು ಆ ವೃದ್ಧೆ ನೆರೈದಾಳಿಗೆ ಹೇಳಿದ್ದರು. "ದೇಹ ಸಿಗಲಿಲ್ಲ, ಹೂಳೋದೇನನ್ನ? ಇರೋದು ಈ ಬಾಗಿಲೇ. ಜನ ಇದರ ಮುಂದೆ ನಿಲ್ಲೋ ಹಾಗಿದ್ರೆ ಇಲ್ಲಿರ್ಲಿ. ಕಣ್ಣು ಹಾಯಿಸಿ ಮುಂದೆ ಹೋಗೋ ಹಾಗಿದ್ರೆ ನಮ್ಮನೆ ಜಗಲಿಯಲ್ಲೇ ಇರುತ್ತೆ. ಅಲ್ಲಿ ದಿನಾ ನಿಲ್ಲೋಕೆ ನಾನಾದ್ರೂ ಇದ್ದೀನಿ."

ಉದ್ಘಾಟನೆಗೆ ಮುಂಚೆ ಊರಿನ ಜನರನ್ನು ಪರೀಕ್ಷೆಗಾಗಿ ಒಳಬಿಡುವುದು ವಾಡಿಕೆ. ಮಿಸ್ ಝೆಲ್ಫಾ ಮಡಚುವ ಕುರ್ಚಿಯೊಂದನ್ನೂ ಸಿಹಿ ಚಹಾದ ಜಾಡಿಯನ್ನೂ ತಂದು ಕಿಟಕಿಯ ಬಳಿ ಕೂತರು. ಜನ ಬಿರುಗಾಳಿಯ ಕೋಣೆಯಿಂದ ಚೀರುತ್ತ ಬಂದರು, ನಕ್ಕರು, ಕೂದಲು ಸರಿಮಾಡಿಕೊಂಡರು, ಕಿಟಕಿಯ ಬೆಳಕನ್ನು ಕಂಡದ್ದೇ, ನೀರಿಳಿಯುವ ಕಾಲುವೆಯ ಮೀನುಗಳಂತೆ, ಅತ್ತ ಹರಿದುಹೋದರು. ಗಾಜಿನ ಪೆಟ್ಟಿಗೆಯನ್ನು ಸುತ್ತಿ ನಡೆದವರುಂಟು, ನಿಂತವರಿಲ್ಲ.

"ಚೆನ್ನಾಗಿ ಹೆದರಿಸ್ತೀಯಮ್ಮಾ" ಎಂದರು ವೃದ್ಧೆ, ಚಹಾ ಹೀರುತ್ತ. "ನನಗೇ ಕೂದಲು ನಿಮಿರಿತು. ಆದ್ರೆ ನಮ್ಮ ಲೊಂಜೊನ ಹತ್ರ ಯಾರೂ ಬರಲಿಲ್ಲ."

"ಸ್ವಲ್ಪ ಸಮಯ ಕೊಡಿ ಮಿಸ್ ಝೆಲ್ಫಾ."

"ಉದ್ಘಾಟನೆ ದಿನದವರೆಗೂ ಕೊಟ್ಟಿದ್ದೀನಿ. ಅವತ್ತು ನನ್ನ ಅಳಿಯನ ಟ್ರಕ್ಕೂ ಬರುತ್ತೆ, ಖಾಲಿ."

ಅಂದಿನಿಂದ ನೆರೈದಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದೀಪವನ್ನು ಪ್ರಖರಗೊಳಿಸಿದಳು; ಜನ ನಿಲ್ಲಲಿಲ್ಲ. ಫಲಕದ ಬರಹವನ್ನು ಅರ್ಧಕ್ಕೆ ಇಳಿಸಿದಳು; ನಿಲ್ಲಲಿಲ್ಲ. ದುಃಖದ ದನಿಯಲ್ಲಿ ಕಥೆಯನ್ನು ಹೇಳಿಸಿದಳು. ಜನ ಆ ದನಿಗೆ ಇನ್ನೂ ಬೇಗ ನಡೆದರು. ದಿನವಿಡೀ ತಾನೇ ಪೆಟ್ಟಿಗೆಯ ಪಕ್ಕದಲ್ಲಿ ನಿಂತು ಬರುವವರ ಕಣ್ಣು ಎತ್ತ ಹೊರಳುವುದು, ಪಾದ ಎತ್ತ ತಿರುಗುವುದು ಎಂದು ನೋಡಿದಳು. ಮನೆಗೆ ಬಂದರೆ ಅನ್ನ ಮತ್ತು ಅವರೆಯ ತಟ್ಟೆಯನ್ನು ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ತಿರುಗುತ್ತ ಉಂಡಳು. ಶಾಲೆಯ ಬಸ್ಸು ಓಡಿಸುವ ಗಂಡ ಲೀಲಂಡ್ ಶಾಂತಸ್ವಭಾವದವನು. "ಬಸ್ಸಲ್ಲಿ ಅರವತ್ತು ಮಕ್ಕಳನ್ನ ಕೂರಿಸ್ತೀನಿ, ನಿನ್ನೊಬ್ಬಳನ್ನ ಕೂರಿಸಕ್ಕೆ ಆಗ್ಲಿಲ್ಲ ನೋಡು" ಎಂದನು. ಆಕೆ ತಟ್ಟೆ ಹಿಡಿದೇ ಇನ್ನೊಂದು ಸುತ್ತು ಹಾಕಿದಳು.

ಸಂಗ್ರಹಪಾಲಕ ಪ್ರೆಸ್ಕಾಟ್ ಏಮ್ಸ್ ಬಿಳಿಯ ಕೈಗವಸಿಲ್ಲದೆ ಹಳೆಯ ಚಮಚವನ್ನೂ ಮುಟ್ಟದವನು. ಅವನಿಗೆ ಕಾರಣ ಸ್ಪಷ್ಟವಾಗಿತ್ತು.

"ನಿಮ್ಮ ಜಾತ್ರೆ ಆಟದ ಪಕ್ಕದಲ್ಲಿ ಇತಿಹಾಸ ಇಟ್ರೆ ಯಾರು ನೋಡ್ತಾರೆ ನೆರೈದಾ? ಗುಡುಗು ತೆಗೀರಿ, ಜನ ಓದ್ತಾರೆ."

"ಗುಡುಗು ಇಲ್ಲದಿದ್ದಾಗ, ಈ ಕಟ್ಟಡಕ್ಕೂ ಮುಂಚೆ, ನಿಮ್ಮ ಹಳೇ ಕೋಣೆಗೆ ಯಾರು ಬರ್ತಿದ್ರು ಪ್ರೆಸ್ಕಾಟ್? ಮಳೆ ಬಂದ್ರೆ ಒಳಗೆ ನಿಲ್ಲೋವ್ರು."

"ಅವರಾದ್ರೂ ನಿಲ್ತಿದ್ರಲ್ಲ!"

ಆ ಮಾತು ಆಕೆಯನ್ನು ಚುಚ್ಚಿತು.

ಬಣ್ಣ ಬಳಿಯುವ ಡ್ಯೂಯಿಯಂತೂ ಮೊದಲಿನಿಂದಲೂ ಗೊಣಗುತ್ತಿದ್ದನು. ಆರ್ಲ್ಯಾಂಡೊದ ಕಟ್ಟಳೆಯಂತೆ ದಿನವೂ ಬೆಳಿಗ್ಗೆ ಗೋಡೆಗಳನ್ನು ಹೊಸದಾಗಿಸುವುದು ಅವನ ಪಾಲಿಗೆ ಬಂದಿತ್ತು. "ಎಲ್ಲರ ಗೋಡೆನೂ ವರ್ಷ ಕಳೆದ ಹಾಗೆ ಸವೆಯುತ್ತೆ ತಾಯಿ, ನಿಮ್ಮದು ದಪ್ಪ ಆಗ್ತಾ ಇದೆ. ಇನ್ನು ಸ್ವಲ್ಪ ದಿನಕ್ಕೆ ಕೋಣೆ ಒಳಗೆ ನುಗ್ಗಕ್ಕೇ ಜಾಗ ಇರಲ್ಲ" ಎನ್ನುವನು, ಆದರೂ ಬಳಿಯುವನು. ಉದ್ಘಾಟನೆ ಸಮೀಪಿಸಿದ ವಾರದಲ್ಲಿ ಅವನ ದವಡೆಯ ಹಲ್ಲು ನೋಯತೊಡಗಿ, ಅದನ್ನು ಕೀಳಿಸಿಕೊಂಡು ಮನೆಯಲ್ಲಿ ಮಲಗಿದನು. ಬಣ್ಣ ನಿಂತಿತು, ಪರೀಕ್ಷೆಗೆ ಜನ ಬರುವುದು ನಿಲ್ಲಲಿಲ್ಲ.

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ನೆರೈದಾ ಬಿರುಗಾಳಿಯ ಕೋಣೆಯ ಕಡೆಯಿಂದ ನೆನಪಿನ ಕೋಣೆಗೆ ಬಂದಳು. ಹೊರಬೀಳುವ ತಿರುವಿನ ಎಡಕ್ಕೆ, ಯಾವ ಚಿತ್ರವನ್ನೂ ತೂಗುಹಾಕದ ಬಿಳಿಯ ಗೋಡೆ ಕೊಳಕಾಗಿತ್ತು. ಸಿಟ್ಟು ನೆತ್ತಿಗೇರಿತು. ಡ್ಯೂಯಿಗೆ ಕರೆಮಾಡಲು ಫೋನನ್ನು ಕೈಗೆತ್ತಿಕೊಂಡಳು. ಎತ್ತಿದ ಕೈ ಅಲ್ಲಿಯೇ ನಿಂತಿತು.

ಕೊಳಕು ಗೋಡೆಯ ತುಂಬ ಇರಲಿಲ್ಲ. ಒಂದೇ ಜಾಗದಲ್ಲಿತ್ತು. ದೊಡ್ಡವರ ಎದೆಯ ಎತ್ತರದಲ್ಲಿ ಅಂಗೈಗಳ ಮೇಲೆ ಅಂಗೈಗಳು. ಅವುಗಳ ಕೆಳಗೆ ಮಕ್ಕಳ ಪುಟ್ಟ ಅಂಗೈಗಳು. ಬೆವರು, ಕಡಲೆಕಾಯಿಯ ಉಪ್ಪು, ಬಿಸಿಲಿಗೆ ಹಚ್ಚಿಕೊಳ್ಳುವ ಎಣ್ಣೆ. ನಡುಗುವ ನೆಲದಿಂದ ನಿಶ್ಚಲವಾದ ನೆಲಕ್ಕೆ ಕಾಲಿಟ್ಟವರು, ದೋಣಿಯಿಂದ ದಡಕ್ಕಿಳಿದವರಂತೆ ವಾಲಿ, ಬೆಳಕನ್ನು ಕಾಣುವುದಕ್ಕೂ ಮೊದಲು, ಒಬ್ಬರೂ ತಪ್ಪದಂತೆ ಇಲ್ಲಿ ಕೈಯೂರಿದ್ದರು. ಅಲ್ಲಿ ಅವರೆಲ್ಲ ನಿಂತಿದ್ದರು.

ಆಕೆ ದಿನವೂ ದೂರದ ಗಾಜಿನ ಬಳಿ ನಿಂತು ಕಣ್ಣುಗಳನ್ನು ನೋಡಿದ್ದಳು, ಪಾದಗಳನ್ನು ನೋಡಿದ್ದಳು. ತಿರುವಿನ ಮರೆಯಲ್ಲಿದ್ದ ಕೈಗಳನ್ನು ನೋಡಿರಲಿಲ್ಲ. ಮನಸ್ಸು ತಾನಾಗಿಯೇ ಗೋಡೆಯ ಮೇಲೆ ಬರೆದಿಟ್ಟ ಉತ್ತರವನ್ನು ದಿನವೂ ಬೆಳಿಗ್ಗೆ ಸುಣ್ಣದಷ್ಟು ಬೆಳ್ಳಗೆ ಅಳಿಸಿಸಿದವಳು ತಾನೇ. ಹೆದರಿದವನಿಗೆ ಓದಲು ಬರಹ ಬೇಡ, ನೋಡಲು ದೀಪ ಬೇಡ. ಹಿಡಿಯಲು ಏನಾದರೊಂದು ಬೇಕು. ಲೊಂಜೊನಿಗೂ ಬೇಕಾಗಿದ್ದದ್ದು ಅದೇ.

"ಬಾಗಿಲನ್ನ ಗಾಜಿನಿಂದ ತೆಗೆದು ಇಲ್ಲಿ ನಿಲ್ಲಿಸಬೇಕು" ಎಂದು ಪ್ರೆಸ್ಕಾಟ್‌ನಿಗೆ ಹೇಳಿದಳು.

ಅವನು ಬಿಳಿಚಿಕೊಂಡನು. "ಜನ ಮುಟ್ಟಕ್ಕೆ? ಕೈಯೆಣ್ಣೆ, ಬೆವರು... ನಿಮಗೆ ತಲೆ ಸರಿಯಿದೆಯಾ? ನಾವು ಬದುಕಿರೋವಾಗಲೇ ಆ ಮರ ಸವೆದು ಹೋಗುತ್ತೆ."

ಆಕೆಯಲ್ಲಿದ್ದ ಹಳೆಯ ಕಸುಬು ತಲೆಯೆತ್ತಿತು. ನಕಲನ್ನು ಮಾಡೋಣ, ಅಸಲಿಗಿಂತ ಅಸಲಾಗಿ ಕಾಣುವಂತೆ ಡ್ಯೂಯಿ ಬಣ್ಣ ಬಳಿಯುತ್ತಾನೆ, ನಿಜವಾದದ್ದು ಗಾಜಿನೊಳಗೇ ಇರಲಿ ಎಂದಳು. ಪ್ರೆಸ್ಕಾಟ್ ಅರೆಮನಸ್ಸಿನಿಂದ ತಲೆಯಾಡಿಸಿದನು. ಆದರೆ ಬಾಗಿಲಿನ ಒಡತಿಯನ್ನು ಕೇಳದೆ ಮುಂದುವರಿಯಲು ನೆರೈದಾಳಿಗೆ ಮನಸ್ಸು ಬರಲಿಲ್ಲ.

ಮಿಸ್ ಝೆಲ್ಫಾ ಜಗಲಿಯಲ್ಲಿ ಅವರೆಕಾಯಿಯನ್ನು ಬಿಡಿಸುತ್ತಿದ್ದರು. ನೆರೈದಾ ಜಗಲಿಯ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಎಲ್ಲವನ್ನೂ ಹೇಳಿದಳು. ಗೋಡೆಯ ಅಂಗೈಗಳ ಮಾತು ಬಂದಾಗ ವೃದ್ಧೆಯ ಬೆರಳುಗಳು ಕಾಯಿಯಲ್ಲಿಯೇ ನಿಂತವು.

"ಕೂತ್ಕೋ ಮೊದಲು. ಹಲಗೆ ಸವೀತಿದೆ."

ನೆರೈದಾ ಮೆಟ್ಟಿಲ ಮೇಲೆ ಕೂತಳು.

"ಈ ನಕಲಿ ಬಾಗಿಲು ಇದೆಯಲ್ಲ, ಇದನ್ನ ಹಿಡ್ಕೊಂಡು ಯಾರು ಬದುಕಿದ್ರು?"

"ಯಾರೂ ಇಲ್ಲ."

"ಮತ್ತೆ ಅದನ್ನ ಯಾಕೆ ಹಿಡೀಬೇಕು ಜನ?"

"ನಿಮ್ಮ ಬಾಗಿಲು ಸವೆದು ಹೋಗುತ್ತೆ ಮಿಸ್ ಝೆಲ್ಫಾ. ಪ್ರೆಸ್ಕಾಟ್ ಹೇಳೋದು ಸುಳ್ಳಲ್ಲ. ನಾಳೆ ನನ್ನನ್ನ ಬೈಕೋಬೇಡಿ."

ವೃದ್ಧೆ ಒಂದು ಕಾಳನ್ನು ಬಟ್ಟಲಿಗೆ ಹಾಕಿದರು. "ಗಾಜಿನೊಳಗೆ ಅದು ನೂರು ವರ್ಷ ಇರಬಹುದು, ಒಬ್ಬನೇ ಇದ್ದ ಹಾಗೆ. ನಮ್ಮಣ್ಣನಿಗೆ ಒಬ್ಬನೇ ಇರೋದಂದ್ರೆ ಆಗ್ತಿರಲಿಲ್ಲ. ಮುಟ್ಟಲಿ ಬಿಡು. ಆದ್ರೆ ಷರತ್ತು ಹಾಗೇ ಇದೆ: ಅವತ್ತು ಯಾರೂ ನಿಲ್ಲದಿದ್ರೆ ಟ್ರಕ್ಕಿಗೆ ಹತ್ತಿಸ್ತೀನಿ."

ಉದ್ಘಾಟನೆಯ ದಿನ ಗಾಜಿನ ಪೆಟ್ಟಿಗೆ ಇರಲಿಲ್ಲ. ತಿರುವಿನ ಎಡಕ್ಕೆ, ಕೈ ಚಾಚಿದರೆ ಸಿಗುವಲ್ಲಿ, ಬಾಗಿಲು ಗೋಡೆಗೆ ಭದ್ರವಾಗಿ ನಿಂತಿತ್ತು. ಮೇಲೊಂದು ಮಂದವಾದ ದೀಪ. ಪಕ್ಕದಲ್ಲಿ ಒಂದೇ ಸಾಲು: "ಲೊಂಜೊ ಟಾರ್ಪ್ಲಿ ಇದನ್ನು ಹಿಡಿದು ತಂಗಿಯನ್ನು ಉಳಿಸಿದನು." ಮಿಸ್ ಝೆಲ್ಫಾ ಕುರ್ಚಿಯನ್ನು ಎದುರಿಗೆ ಬಿಡಿಸಿಕೊಂಡು ಕೂತರು. ಅಳಿಯನ ಟ್ರಕ್ಕು ಹೊರಗೆ ನಿಂತಿತ್ತು. ನೆರೈದಾ ಮೂಲೆಯಿಂದ ಮೂಲೆಗೆ ನಡೆದಳು; ಉದ್ಘಾಟನೆಗೆಂದು ಬಂದಿದ್ದ ತಾಯಿ ಪ್ರೊವಿದೆನ್ಸಿಯಾ ಅವಳ ಅಂಗಿಯ ತುದಿಯನ್ನು ಹಿಡಿದು ನಿಲ್ಲಿಸಿದಳು.

ಮೊದಲು ಬಂದವನು ಮೀನುಗಾರನ ಟೋಪಿಯ ದಢೂತಿ ಮನುಷ್ಯ. "ಅಯ್ಯಪ್ಪಾ, ನನ್ನ ಹೆಂಡತಿ ಸಿಟ್ಟೇ ವಾಸಿ!" ಎಂದು ಹಿಂದಿದ್ದವರಿಗೆ ಕೂಗಿ, ನಗುತ್ತ, ವಾಲಿ, ಎಡಗೈಯನ್ನು ಚಾಚಿದನು. ಅವನ ಬೆರಳುಗಳು ತಾವಾಗಿಯೇ ಆ ತೂತಿನೊಳಗೆ ಇಳಿದವು. ನಗು ಅರ್ಧಕ್ಕೆ ನಿಂತಿತು. ತಾನು ಹಿಡಿದದ್ದನ್ನು ನೋಡಿದನು, ಬರಹವನ್ನು ನೋಡಿದನು, ಟೋಪಿಯನ್ನು ತೆಗೆದನು. ಹಿಂದೆ ಬಂದವರು ಅವನ ಬೆನ್ನಿಗೆ ಬಂದು ನಿಂತರು. ಕಿಟಕಿಯ ಬೆಳಕಿನ ಕಡೆಗೆ ಯಾರೂ ಹರಿಯಲಿಲ್ಲ.

"ಇದು ನಿಜವಾದದ್ದಾ?" ಎಂದು ಅವನು ಮೆಲ್ಲಗೆ ಕೇಳಿದನು.

"ನಮ್ಮ ಅಡುಗೆಮನೇದು" ಎಂದರು ಮಿಸ್ ಝೆಲ್ಫಾ. "ಆ ತಂಗಿ ನಾನೇ. ಗಟ್ಟಿಯಾಗಿ ಹಿಡ್ಕೋಪ್ಪಾ, ಏನೂ ಆಗಲ್ಲ."

ಮಧ್ಯಾಹ್ನದವರೆಗೂ ಜನ ಹಾಗೆಯೇ ಬಂದರು, ಹಾಗೆಯೇ ನಿಂತರು. ಕೈಗವಸು ತೊಟ್ಟೇ ಬಂದಿದ್ದ ಪ್ರೆಸ್ಕಾಟ್ ಒಂದು ಗಳಿಗೆಯಲ್ಲಿ ಅದನ್ನು ಕಳಚಿ ಜೇಬಿಗೆ ತುರುಕಿದ್ದನ್ನು ಡ್ಯೂಯಿ ಕಂಡು, ಊದಿದ ಕೆನ್ನೆಯಲ್ಲಿಯೇ ನಕ್ಕನು. ಮಿಸ್ ಝೆಲ್ಫಾ ಎದ್ದು ಕುರ್ಚಿಯನ್ನು ಮಡಚಿದರು.

"ಕಾಯೋ ಕೆಲಸ ಮುಗೀತು. ಟ್ರಕ್ಕಲ್ಲಿ ಈ ಕುರ್ಚಿ ಒಂದೇ ಹೋಗುತ್ತೆ" ಎಂದರು. ಬಾಗಿಲಿನ ಬಳಿಗೆ ಹೋಗಿ, ಅಪರಿಚಿತರ ಕೈಗಳ ನಡುವೆ ತಮ್ಮ ಕೈಯನ್ನೂ ಇಟ್ಟು, ಸ್ವಲ್ಪ ಹೊತ್ತು ನಿಂತು ಹೊರಟರು.

ಆ ಕೋಣೆಯಲ್ಲಿ ಈಗಲೂ ಉಳಿದ ಗೋಡೆಗಳಿಗೆಲ್ಲ ದಿನವೂ ಬಣ್ಣ ಬೀಳುವುದು. ಬಾಗಿಲಿನ ಸುತ್ತಲಿನ ಗೋಡೆಗೆ ಮಾತ್ರ ಡ್ಯೂಯಿ ಕುಂಚವನ್ನು ಸೋಕಿಸಬಾರದೆಂದು ನೆರೈದಾಳ ಅಪ್ಪಣೆ. ಬಿಡುವು ಸಿಕ್ಕಾಗಲೆಲ್ಲ ಆಕೆ ಅಲ್ಲಿಗೆ ಹೋಗಿ ತಿರುವಿನ ಮರೆಯಲ್ಲಿ ನಿಲ್ಲುವಳು. ಕೂರಲು ಬೆಂಚನ್ನು ಹಾಕಿದ್ದಾರೆ. ಆಕೆ ಕೂತದ್ದನ್ನು ಕಂಡವರಿಲ್ಲ. ಯಾರಾದರೊಬ್ಬರು ನಿಲ್ಲದೆ ಹೋದರೆ ಇಂದಿಗೂ ಅವಳ ಊಟ ಕೆಡುವುದು.

ನಡುಗುವವರ ಕೈಗೆ ಹಿಡಿಯಲು ಆಸರೆಯನ್ನಿಟ್ಟ ಈ ನೆರೈದಾಳಿಗೆ ಭಗವಂತನು ತನ್ನ ಕೈಯ ಆಸರೆಯನ್ನು ಕೊಡಲಿ. ಅವಳ ಪಾದಗಳಿಗೆ ದಿನಕ್ಕೊಮ್ಮೆಯಾದರೂ ವಿಶ್ರಾಂತಿ ದೊರೆಯಲಿ. ಪ್ರೊವಿದೆನ್ಸಿಯಾಳ ನಾಲಿಗೆ ಹೀಗೆಯೇ ಚುರುಕಾಗಿರಲಿ, ಆಯುಷ್ಯ ಅದಕ್ಕಿಂತ ದೀರ್ಘವಾಗಿರಲಿ. ಲೀಲಂಡನ ಬಸ್ಸು ಎಲ್ಲರ ಮಕ್ಕಳನ್ನೂ ಕ್ಷೇಮವಾಗಿ ಮನೆ ಮುಟ್ಟಿಸಲಿ. ಅವರ ಅಡುಗೆಮನೆಯ ಬಾಗಿಲು ಗಾಳಿಗೂ ನೀರಿಗೂ ಕೀಳದೆ ತನ್ನ ಚೌಕಟ್ಟಿನಲ್ಲಿಯೇ ಇರಲಿ. ಬಂದ ನೆಂಟರಿಗೆ ತೆರೆಯುತ್ತ, ಅನ್ನದ ಹಬೆಯನ್ನು ಒಳಗಿಟ್ಟು ಮುಚ್ಚುತ್ತ, ಆ ಮನೆಯವರ ಕೈಗಳಿಂದಲೇ ನಿಧಾನವಾಗಿ ಸವೆಯಲಿ.