ಮಂತ್ರಿಯ ಕೆಳಗಿನ ಪಟ್ಟಿ

ಎಪ್ಪತ್ತರ ದಶಕದಲ್ಲಿ ಕುಮಟೆಯಲ್ಲಿ ನನ್ನದು ಪಟಗಳಿಗೆ ಕಟ್ಟು ಹಾಕುವ ಅಂಗಡಿ. ಜನ ವರ್ಷ ಮುಗಿದ ಕ್ಯಾಲೆಂಡರ್ ತರುತ್ತಿದ್ದರು. ತಾರೀಖು, ಅಂಗಡಿಯ ಹೆಸರು ಇರುವ ಕೆಳಭಾಗ ಕತ್ತರಿಸಿ ದೇವರನ್ನಷ್ಟೇ ಗಾಜಿನೊಳಗೆ ಕೂರಿಸುವುದು ಪದ್ಧತಿ. ಕತ್ತರಿಸಿದ್ದನ್ನು ನಾನು ಎಸೆಯುತ್ತಿರಲಿಲ್ಲ. ಇನ್ನೊಂದು ಪಟದ ಬೆನ್ನಿನ ಸಂದಿಗೆ ಅಂಟಿಸುತ್ತಿದ್ದೆ. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಿದರೆ ಹುಳ ಮುಟ್ಟುವುದಿಲ್ಲ.

ಹೊನ್ನಾವರದಲ್ಲಿ ಹಳೆಯ ಬಂಗಲೆಯೊಂದರ ಸಾಮಾನು ಮಾರಿದಾಗ ನಾನು ಕೊಂಡ ಮುರುಕು ಕುರ್ಚಿಗಳ ಜೊತೆ ಒಂದು ಇಂಗ್ಲಿಷ್ ಪಟ ಬಂತು. ಬಿಳಿ ಟೋಪನ್ನಿನ ಡೊಳ್ಳುಹೊಟ್ಟೆಯವನೊಬ್ಬ ಬಡಕಲು ಜನರ ಹೆಗಲ ಮೇಲೆ ಕೂತು ಉಣ್ಣುತ್ತಿದ್ದ. ಕಾಲೇಜಿನ ಇತಿಹಾಸದ ಮೇಷ್ಟರು ನೋಡಿ ಹಿಗ್ಗಿದರು. ಸುಮಾರು ಇನ್ನೂರು ವರ್ಷದ ಹಿಂದೆ ಇಂಗ್ಲಿಷರು ತಮ್ಮ ಮಂತ್ರಿಗಳನ್ನೇ ಹೀಗೆ ಗೇಲಿ ಮಾಡಿ ಅಚ್ಚು ಹಾಕಿ ಮಾರುತ್ತಿದ್ದರಂತೆ. ತರಗತಿಯಲ್ಲಿ ತೋರಿಸಬೇಕು, ಕಟ್ಟು ಹಾಕಿಡಿ ಎಂದು ದರ ಒಪ್ಪಿ ಹೋದರು. ಅಷ್ಟು ಒಳ್ಳೆಯ ಗಿರಾಕಿ ನನಗೆ ಅದುವರೆಗೆ ಸಿಕ್ಕಿರಲಿಲ್ಲ.

ವಾರ ಬಿಟ್ಟು ಬಂದ ಮೇಷ್ಟರ ಮುಖ ಪೆಚ್ಚಾಯಿತು.

"ಕೆಳಗಿನ ಅಕ್ಷರ ಎಲ್ಲಿ?"

"ಅದು ಅಂಗಡಿಯವನ ಹೆಸರಲ್ವಾ ಸರ್? ಕತ್ತರಿಸಿದೆ."

"ಅದೇ ಬೇಕಾದದ್ದು ಮಾರಾಯ್ರೇ! ಯಾವ ಮಂತ್ರಿ, ಯಾವ ವರ್ಷ, ಎಲ್ಲ ಅಲ್ಲೇ ಇತ್ತು. ಈಗ ಇವ ಬರೀ ಹೊಟ್ಟೆಯವ. ಪಟ್ಟಿ ಸಿಕ್ಕಿದ್ರೆ ಒಯ್ತೇನೆ, ಇಲ್ಲದಿದ್ರೆ ಬೇಡ."

ಆ ವಾರ ನಾನು ಕಟ್ಟಿದ ಇನ್ನೊಂದು ಪಟ ಬಾಡ ಊರಿನ, ಮೀನು ಮಾರುವ ಹೆಂಗಸಿನ ಗಣಪತಿ. ಪಟ್ಟಿ ಅದರ ಬೆನ್ನಿಗೇ ಹೋಗಿತ್ತು. ಮರುದಿನವೇ ಅವಳ ಮನೆಗೆ ಹೋದೆ. ಬೇಕೇ ಬೇಕೆಂಬ ಗರಜು ತೋರಿಸಿದರೆ ವ್ಯಾಪಾರ ಕೆಟ್ಟಿತು ಎಂಬುದು ನನ್ನ ಲೆಕ್ಕ.

"ಅಕ್ಕಾ, ಪಟದ ಬೆನ್ನು ಸಡಿಲಾಗಿರ್ಬಹುದು. ಪುಕ್ಕಟೆ ಸರಿ ಮಾಡಿಕೊಡ್ತೆ."

"ಬಂಗಡೆ ಮಾರುವವಳ ಹತ್ರ ಈ ಆಟ ಬೇಡ ಅಣ್ಣಾ. ಎಂತ ಬೇಕು ಹೇಳಿ."

ಹೇಳಿದೆ. ಅವಳು ಪಟ ಇಳಿಸಿ, ತಿರುಗಿಸಿ, ಪಟ್ಟಿಯನ್ನು ಬೆರಳಲ್ಲಿ ಸವರಿದಳು.

"ಮಂತ್ರಿಯನ್ನೇ ನಗೆ ಮಾಡಿದವನನ್ನು ಹಿಡಿದು ಒಳಗೆ ಹಾಕ್ಲಿಲ್ವಾ?"

"ಇಲ್ವಂತೆ. ಅಂಗಡಿ ಕಿಟಕಿಯಲ್ಲೇ ತೂಗು ಹಾಕಿದ್ರಂತೆ. ಜನ ನಿಂತು ನಗ್ತಿದ್ರಂತೆ."

ಅವಳೂ ನಕ್ಕಳು. "ಹಂಗಾದ್ರೆ ಒಯ್ಯಿರಿ. ಬದಲಿಗೆ ನನ್ನ ಮದುವೆ ಫೋಟೋಕ್ಕೆ ಕಟ್ಟು ಹಾಕಿಕೊಡಿ. ದೊಡ್ಡದು, ಗಾಜು ಸಮೇತ."

"ಸಣ್ಣದು ಹಾಕ್ತೆ."

"ಬೇಡ ಬಿಡಿ. ಮಂತ್ರಿ ಗಣಪತಿ ಬೆನ್ನಿಗೇ ಇರ್ಲಿ."

"ಆತು, ದೊಡ್ಡದೇ," ಎಂದೆ.

ಒದ್ದೆ ಬಟ್ಟೆ ಹಚ್ಚಿ ಬಿಡಿಸಿದೆ. ಒಂದು ಮೂಲೆ ಹರಿಯಿತು, ಅಕ್ಷರಕ್ಕೆ ಏನೂ ಆಗಲಿಲ್ಲ. ಪಟದ ಕೆಳಗೆ ಕೂಡಿಸಿ ಕೊಟ್ಟಾಗ ಮೇಷ್ಟರು ಮೊದಲು ಓದಿದ್ದು ಅದನ್ನೇ. ಚೌಕಾಸಿ ಮಾಡದೆ ಒಯ್ದರು.

ಮದುವೆ ಫೋಟೋದ ಕೆಳಗೂ ಸ್ಟುಡಿಯೋದ ಹೆಸರಿತ್ತು. ಈ ಸಲ ಕತ್ತರಿ ಹಿಡಿಯುವ ಮೊದಲು, ತೆಗೆಯಲೇ ಎಂದು ಅವಳನ್ನು ಕೇಳಿದೆ.

"ಇರ್ಲಿ," ಎಂದಳು. "ನಾಳೆ ಅದೂ ನಿಮಗೇ ಬೇಕಾದೀತು. ಆಗ ಇನ್ನೊಂದು ಕಟ್ಟು ಹಾಕಿಸ್ಕೊಳ್ತೆ."